ಮಾಮನ ಸರ್ಟಿಫಿಕೇಟು ಮತ್ತು ಒಂದು ಪ್ರಶ್ನೆ

ಯುಗಾದಿಗೆ ಊರಿಗೆ ಹೋದಾಗ ಸಿರುಗುಪ್ಪದಲ್ಲಿ ನಮ್ಮ ಮಾಮನ ಗ್ಯಾರೇಜಿಗೆ ಹೋಗಿದ್ದೆ. ಗೋಡೆಯ ಮೇಲೆ ದೇವರ ಫೋಟೋ, ಅದರ ಪಕ್ಕ ಹೊಸದೊಂದು ಫ್ರೇಮು. ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ಮಿಂಚುವ ಹೋಲೋಗ್ರಾಂ, ನಡುವೆ ಮಾಮನ ಹೆಸರು. ಬಿಎಸ್-6 ಡಯಾಗ್ನಾಸ್ಟಿಕ್ಸ್‌ನಲ್ಲಿ ಪರಿಣತಿ ಪಡೆದಿದ್ದಾರೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಖುಷಿಯಿಂದ "ಏನ್ ಮಾಮಾ, ಸರ್ಟಿಫಿಕೇಟ್ ತಗೊಂಡು ಬಿಟ್ಟೀರಲ್ಲ!" ಅಂದೆ.

ಮಾಮ ನಗಲಿಲ್ಲ. ಕೈಯೊರೆಸಿಕೊಳ್ಳುತ್ತಾ, "ಅಳಿಯಾ, ನೀನು ಓದಿದವನು. ಇದು ನಡಿಯೋ ಸರ್ಟಿಫಿಕೇಟೋ, ಬರೇ ಕಾಗದಾನೋ, ನೋಡಿ ಹೇಳಪ್ಪಾ" ಅಂದ್ರು.

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ತಲೆಯಲ್ಲಿ ಅದೇ ಕೊರೀತಾ ಇತ್ತು. ಅದಕ್ಕೇ ಈ ಬರಹ.

ಮೊದಲು ನಡೆದದ್ದು ಹೇಳ್ತೀನಿ. ಬಳ್ಳಾರಿಯಲ್ಲಿ ಒಂದು ಹೋಟೆಲ್ಲಿನ ಹಾಲ್‌ನಲ್ಲಿ ಎರಡು ದಿನದ ತರಬೇತಿ. ಫೀಸು ನಾಲ್ಕೂವರೆ ಸಾವಿರ, ಮಧ್ಯಾಹ್ನದ ಊಟ ಅವರದೇ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆಯಿಂದ ನಲವತ್ತು ಜನ ಮೆಕ್ಯಾನಿಕ್ಕರು ಬಂದಿದ್ದರಂತೆ. ಪಾಠ ಹೇಳಿದವರು ಹಿಂದಿ-ಇಂಗ್ಲಿಷಿನವರು. ನಲವತ್ತು ಜನಕ್ಕೆ ಹೊರಗೆ ನಿಲ್ಲಿಸಿದ್ದ ಒಂದೇ ಒಂದು ಗಾಡಿ. ಮೊದಲ ದಿನ ಸ್ಲೈಡು. ಎರಡನೇ ದಿನ ಮಧ್ಯಾಹ್ನದ ಮೇಲೆ ಸ್ಕ್ಯಾನರ್ ಮಾರಾಟ. ಹತ್ತಿರ ಹತ್ತಿರ ನಲವತ್ತು ಸಾವಿರದ ಸ್ಕ್ಯಾನರನ್ನು 'ತರಬೇತಿಗೆ ಬಂದವರಿಗೆ ಮಾತ್ರ' ರಿಯಾಯಿತಿಯಲ್ಲಿ ಕೊಟ್ಟರು. ಸಂಜೆ ಎಲ್ಲರಿಗೂ ಸರ್ಟಿಫಿಕೇಟು. ಪರೀಕ್ಷೆ ಅಂತ ಏನೂ ಇರಲಿಲ್ಲ, ಹಾಗಾಗಿ ಯಾರೂ ಫೇಲಾಗಲಿಲ್ಲ :-)

ತಿಂಗಳೊಳಗೆ ಕುರುಗೋಡು ಕಡೆಯ ಒಬ್ಬ ಮೆಣಸಿನಕಾಯಿ ಬೆಳೆಗಾರರು ತಮ್ಮ ಲಗೇಜ್ ಗಾಡಿ ತಂದರು. ಬಿಎಸ್-6 ಡೀಸೆಲ್. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು. ಮಾಮ ಹೊಸ ಸ್ಕ್ಯಾನರ್ ಹಾಕಿ, ಹೇಳಿಕೊಟ್ಟಂತೆ ಕೋಡ್ ಎರೇಸ್ ಮಾಡಿದರು. ಲೈಟು ಹೋಯಿತು. ಬೆಳೆಗಾರರು ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೊರಟರು. ಗದಗ ದಾಟಿದ ಮೇಲೆ ಗಾಡಿ ಎಳೆಯಲಿಲ್ಲ. ಎಷ್ಟು ಒತ್ತಿದರೂ ಸ್ಪೀಡ್ ಏರಲ್ಲ. ಬೇರೆ ಗಾಡಿ ಹುಡುಕಿ, ಚೀಲ ಇಳಿಸಿ ಮತ್ತೆ ಹೇರಿ, ಮಾರ್ಕೆಟ್ಟಿಗೆ ಮುಟ್ಟೋದು ಒಂದು ದಿನ ತಡವಾಯಿತು. ಬಾಡಿಗೆ, ಹಮಾಲಿ, ರಿಪೇರಿ ಎಲ್ಲ ಸೇರಿ ದೊಡ್ಡ ಪೆಟ್ಟು.

"ಎರೇಸ್ ಒತ್ತಿದ್ರೆ ಲೈಟ್ ಹೋಗ್ತೈತೆ ಅಂದ್ರು. ಹೋತು. ಇಪ್ಪತ್ತು ವರ್ಷದ ಗಿರಾಕೀನೂ ಹೋದ" ಅಂದ್ರು ಮಾಮ.

ಆಗಿದ್ದು ಏನು ಅಂತ ಆಮೇಲೆ ತಿಳೀತು. ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಹೊಗೆಯಲ್ಲಿನ ಮಸಿ ಅಲ್ಲಿ ಕೂರುತ್ತೆ. ಮಸಿ ಜಾಸ್ತಿಯಾದಾಗ ಇಂಜಿನ್ನೇ ಆ ಫಿಲ್ಟರನ್ನು ಚೆನ್ನಾಗಿ ಕಾಯಿಸಿ ಮಸಿ ಸುಡುತ್ತೆ. ಆದರೆ ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ವೇಗದಲ್ಲಿ ಓಡಬೇಕು. ಹೊಲಕ್ಕೂ ಊರಿಗೂ ನಡುವೆ ನಿಧಾನಕ್ಕೆ ಓಡಾಡೋ ಗಾಡಿಗೆ ಆ ಅವಕಾಶವೇ ಸಿಗಲ್ಲ. ಮಸಿ ಸುಡೋಕೆ ಶುರುವಾಗುತ್ತೆ, ಅಷ್ಟರಲ್ಲಿ ಗಾಡಿ ಆಫ್. ಹೀಗೇ ಆಗ್ತಾ ಆಗ್ತಾ ಫಿಲ್ಟರ್ ಕಟ್ಟಿಕೊಂಡು ಲೈಟು ಹತ್ತುತ್ತೆ. ಗೊತ್ತಿರುವವರು ಮೊದಲು ಗಾಡಿ ಎಲ್ಲಿ ಹೇಗೆ ಓಡಾಡುತ್ತೆ ಅಂತ ಕೇಳ್ತಾರೆ. ಫಿಲ್ಟರಿನ ಹಿಂದೆ ಮುಂದೆ ಒತ್ತಡ ಎಷ್ಟಿದೆ ಅಂತ ಸ್ಕ್ಯಾನರಿನಲ್ಲೇ ನೋಡ್ತಾರೆ. ಆ ಸೆನ್ಸರ್ ಸರಿ ಇದೆಯಾ ಅಂತ ನೋಡಿ, ಇಂಜಿನ್ ಆಯಿಲಿಗೆ ಡೀಸೆಲ್ ಸೇರಿದೆಯಾ ಅಂತ ನೋಡಿ, ನಿಂತಲ್ಲೇ ಮಸಿ ಸುಡುವ ಕೆಲಸ ಮಾಡಿಸ್ತಾರೆ. ಇದೆಲ್ಲ ಅದೇ ಸ್ಕ್ಯಾನರಿನಿಂದ ಆಗುತ್ತಿತ್ತು! ಕಲಿಸಿದವರು ಕಲಿಸಲಿಲ್ಲ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಬಗ್ ಹುಡುಕೋ ಬದಲು ಲಾಗ್ ಫೈಲ್ ಡಿಲೀಟ್ ಮಾಡೋದು ಹೇಳಿಕೊಟ್ಟಿದ್ದರು.

*

"ನಿಮ್ಮ ಮಾಮ ತಾನೇ ಹುಷಾರಾಗಿರಬೇಕಿತ್ತು" ಅಂತ ಯಾರಾದರೂ ಅನ್ನಬಹುದು. ಇರಲಿ. ಆದರೆ ಹೇಗೆ? ಆ ಕಾಗದದ ಕೆಳಗೆ ಐಎಸ್‌ಒ 9001 ಅಂತ ಇತ್ತು. ಒಂದು ಸಂಸ್ಥೆ ತನ್ನ ಕೆಲಸದ ಪದ್ಧತಿಯನ್ನು ಒಂದು ಕ್ರಮದಲ್ಲಿ ಇಟ್ಟುಕೊಂಡಿದೆಯೇ ಅನ್ನೋದಷ್ಟೇ ಅದರ ವಿಷಯ. ಡಿಪಿಎಫ್ ಪಾಠ ಸರಿಯೋ ತಪ್ಪೋ ಅಂತ ಅದು ಹೇಳಲ್ಲ. ಇದು ಹತ್ತನೇ ಕ್ಲಾಸಿಗೆ ಬಿಟ್ಟು ಪಾನಾ ಹಿಡಿದ ಮಾಮನಿಗೆ ಹೇಗೆ ಗೊತ್ತಾಗಬೇಕು? ಇಂಜಿನಿಯರಿಂಗ್ ಓದಿದ ನನಗೇ ಹುಡುಕಿ ನೋಡೋ ತನಕ ಗೊತ್ತಿರಲಿಲ್ಲ.

ಕಲಿಯದೆ ಇರೋ ಹಾಗೂ ಇಲ್ಲ. 2019ರ ಏಪ್ರಿಲ್ 1ರಿಂದ 125 ಸಿಸಿ ದಾಟಿದ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ಕ್ಕೆ ದೇಶ ಬಿಎಸ್-4ರಿಂದ ಬಿಎಸ್-5 ಬಿಟ್ಟು ಸೀದಾ ಬಿಎಸ್-6ಕ್ಕೆ ಹಾರಿತು. ಬೈಕಿನಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಕಿವಿಯಿಂದ ಇಂಜಿನ್ ಸದ್ದು ಕೇಳಿ ರೋಗ ಹೇಳ್ತಿದ್ದ ಒಂದು ಪೀಳಿಗೆಯ ಕೆಳಗಿದ್ದ ನೆಲವೇ ಜಾರಿತು. ಕಂಪನಿಗಳು ತಮ್ಮ ಸರ್ವಿಸ್ ಸೆಂಟರಿನ ಹುಡುಗರಿಗೆ ತಾವೇ ಕಲಿಸಿಕೊಳ್ತಾವೆ. ಆದರೆ ಭತ್ತದ ಸುಗ್ಗಿಯ ಹೊತ್ತಲ್ಲಿ ಗಾಡಿ ಕೈಕೊಟ್ಟರೆ ಸಿರುಗುಪ್ಪದ ರೈತ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬಳ್ಳಾರಿಗೆ ಎಳೆಸಿಕೊಂಡು ಹೋಗಲ್ಲ, ನಮ್ಮ ಮಾಮನಂಥವರ ಹತ್ತಿರ ಬರ್ತಾನೆ. ಅವರಿಗೆ ಕಲಿಸೋರು ಯಾರು? ಯೂಟ್ಯೂಬು, ವಾಟ್ಸಾಪ್ ಗ್ರೂಪು, ಸ್ಪೇರ್ ಪಾರ್ಟ್ಸ್ ಮಾರುವವರು, ಆಮೇಲೆ ಈ ಹೋಟೆಲ್ ಹಾಲಿನ ಗುರುಗಳು.

ನನಗೆ ಸಿಟ್ಟು ತರಿಸಿದ್ದು ಇನ್ನೊಂದು ವಿಷಯ. ಡ್ರೈವಿಂಗ್ ಸ್ಕೂಲ್ ನಡೆಸೋಕೆ ನಮ್ಮಲ್ಲಿ ಲೈಸೆನ್ಸ್ ಬೇಕು. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮವೂ ಬಂತು. ಬೈಕು, ಕಾರು ಕಲಿಸೋಕೆ ಕನಿಷ್ಠ ಒಂದು ಎಕರೆ, ಭಾರಿ ವಾಹನಕ್ಕೆ ಎರಡು ಎಕರೆ, ಸಿಮ್ಯುಲೇಟರ್, ಕಲಿಸುವವನಿಗೆ ಹನ್ನೆರಡನೇ ಕ್ಲಾಸು ಮತ್ತು ಐದು ವರ್ಷದ ಚಾಲನೆ ಅನುಭವ... ಒಳ್ಳೆಯದೇ. ಅಂದರೆ ಬ್ರೇಕ್ ಒತ್ತೋದು ಕಲಿಸುವವನಿಗೆ ಲೈಸೆನ್ಸ್ ಬೇಕು. ಬ್ರೇಕ್ ರಿಪೇರಿ ಕಲಿಸುವವನಿಗೆ ಏನೂ ಬೇಡ! ಎಬಿಎಸ್ ಇರುವ ಎಷ್ಟೋ ಗಾಡಿಗಳಲ್ಲಿ ಬ್ರೇಕಿನ ಗಾಳಿ ಪೂರ್ತಿ ತೆಗೆಯಬೇಕಂದ್ರೆ ಸ್ಕ್ಯಾನರಿನಿಂದ ಆ ಯೂನಿಟ್ಟನ್ನು ಆಡಿಸಬೇಕು. ಅದನ್ನು ತಪ್ಪು ಹೇಳಿಕೊಟ್ಟರೆ ಹೋಗೋದು ಬರೇ ಮೆಣಸಿನಕಾಯಿ ಬಾಡಿಗೆ ಅಲ್ಲ.

ವ್ಯವಸ್ಥೆ ಏನೂ ಇಲ್ಲ ಅಂತಲ್ಲ. ವಾಹನ ಕ್ಷೇತ್ರಕ್ಕೇ ಅಂತ ಎಎಸ್‌ಡಿಸಿ ಅನ್ನೋ ಕೌಶಲ್ಯ ಮಂಡಳಿ ಇದೆ. ಅದರ ಮೇಲೆ, 2018ರ ಡಿಸೆಂಬರಿನಲ್ಲಿ ಅಧಿಸೂಚನೆಯಾಗಿ 2020ರ ಆಗಸ್ಟಿನಿಂದ ಕೆಲಸ ಶುರುಮಾಡಿದ ಎನ್‌ಸಿವಿಇಟಿ ಇದೆ. ಸರ್ಟಿಫಿಕೇಟ್ ಕೊಡುವವರು, ಪರೀಕ್ಷೆ ಮಾಡುವವರು ಇಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸುವ ಪದ್ಧತಿ ಅದರದ್ದು. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿ 2022ರಲ್ಲಿ ಉದ್ಘಾಟನೆ ಮಾಡಿದರು. ಆದರೆ ಇವೆಲ್ಲದರ ಕಣ್ಣು ಹೆಚ್ಚಾಗಿ ಕೆಲಸಕ್ಕೆ ಹೊಸದಾಗಿ ಸೇರೋ ಹುಡುಗರ ಮೇಲೆ. ನಲವತ್ತೈದು ದಾಟಿದ, ಗ್ಯಾರೇಜ್ ಬಾಗಿಲು ಹಾಕಿದರೆ ಅವತ್ತಿನ ದುಡಿಮೆ ಇಲ್ಲದ ಮನುಷ್ಯ ಎರಡು ದಿನ ಬಿಡುವು ಮಾಡಿಕೊಂಡು ಸ್ವಂತ ದುಡ್ಡಿನಲ್ಲಿ ಕಲಿಯೋಕೆ ಹೊರಟರೆ, ಅವನಿಗೆ ಕಲಿಸುವವನ ಯೋಗ್ಯತೆ ಕೇಳೋರೇ ಇಲ್ಲ. ಸರ್ಕಾರದ ದುಡ್ಡು ತಗೊಂಡರೆ ಮಾತ್ರ ನಿಯಮ. ಮಾಮನ ದುಡ್ಡಿಗೆ ನಿಯಮ ಇಲ್ಲ.

ಅಮೆರಿಕಾದಲ್ಲಿ 1972ರಲ್ಲೇ ಎಎಸ್ಇ ಅನ್ನೋ ಸಂಸ್ಥೆ ಮೆಕ್ಯಾನಿಕ್ಕರಿಗೆ ಪರೀಕ್ಷೆ ಮಾಡೋಕೆ ಶುರುಮಾಡಿತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಈಗಾಗಲೇ ಕೆಲಸದಲ್ಲಿರೋ ಮೆಕ್ಯಾನಿಕ್ಕರಿಗೆ ಮುಂದಿನ ಪಾಠ ಹೇಳುವ ಸಂಸ್ಥೆಗಳನ್ನೇ ಪರಿಶೀಲಿಸಿ ಮಾನ್ಯತೆ ಕೊಡುವ ಕಾರ್ಯಕ್ರಮವನ್ನೂ ಪ್ರತ್ಯೇಕವಾಗಿ ಮಾಡಿದರು. ಕಲಿಯುವವನನ್ನು ಅಳೆದ ಹಾಗೇ ಕಲಿಸುವವನನ್ನೂ ಅಳೆಯಬೇಕು ಅನ್ನೋ ಸರಳ ಬುದ್ಧಿ.

*

ಇದನ್ನೆಲ್ಲ ಆಫೀಸಿನ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ಇನ್ನೊಂದು ಸೀಲು, ಇನ್ನೊಬ್ಬ ಇನ್ಸ್‌ಪೆಕ್ಟರು, ಇನ್ನೊಂದು ಲಂಚ. ಅಷ್ಟೇ ಆಗೋದು" ಅಂದ.

ಅವನ ಮಾತು ತಳ್ಳಿಹಾಕೋ ಹಾಗಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ, 2015ರಿಂದ 2022ರವರೆಗಿನ ಕೇಂದ್ರದ ಕೌಶಲ್ಯ ಯೋಜನೆಯ ಲೆಕ್ಕ ತೆಗೆದು ನೋಡಿತ್ತು. ಬಹುಪಾಲು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಬರೇ ಸೊನ್ನೆ. ಹಲವು ಜನರ ಹೆಸರಿಗೆ ಒಂದೇ ಫೋಟೋ. ಮಾನ್ಯತೆ, ಪೋರ್ಟಲ್ಲು, ನಿಯಮ ಎಲ್ಲ ಇದ್ದೂ ಹೀಗೆ!

ಆದರೂ ನಾನು ಒಪ್ಪಲ್ಲ. ಯಾಕಂದ್ರೆ ನಮ್ಮಲ್ಲಿ ಮಾನ್ಯತೆ ಅಂದರೆ ಕಟ್ಟಡ, ಕುರ್ಚಿ, ಸಿಸಿ ಕ್ಯಾಮೆರಾ ಎಣಿಸೋದು ಅಂತ ಆಗಿದೆ. ಎಣಿಸಬೇಕಾದ್ದು ಬೇರೆ. ನನ್ನ ಪ್ರಕಾರ ಇಷ್ಟಿದ್ದರೆ ಸಾಕು:

1. ಕಲಿಸುವವರು ಕಳೆದ ಒಂದೆರಡು ವರ್ಷದಲ್ಲಿ ತಾವೇ ಗಾಡಿ ಬಿಚ್ಚಿ ಕೆಲಸ ಮಾಡಿರಬೇಕು. ಹತ್ತು ವರ್ಷದ ಹಿಂದಿನ ಅನುಭವ ಲೆಕ್ಕಕ್ಕಿಲ್ಲ.

2. ಒಂದು ಗಾಡಿಗೆ ಎಷ್ಟು ಜನ ಅಂತ ಮೊದಲೇ ಹೇಳಬೇಕು. ಏಳೆಂಟು ಜನ ದಾಟಿದರೆ ಹಿಂದಿನವನಿಗೆ ಮುಂದಿನವನ ಬೆನ್ನು ಮಾತ್ರ ಕಾಣೋದು.

3. ಪಾಠ, ನೋಟ್ಸು ಕನ್ನಡದಲ್ಲಿ ಇರಬೇಕು. ಕೋಡು, ಪಾರ್ಟಿನ ಹೆಸರು ಇಂಗ್ಲಿಷೇ ಇರಲಿ, ಯಾರಿಗೂ ತಕರಾರಿಲ್ಲ. 'ಯಾಕೆ ಹೀಗಾಗುತ್ತೆ' ಅನ್ನೋದು ನಮ್ಮ ಭಾಷೆಯಲ್ಲಿ ಬೇಕು.

4. ಕಲಿಸುವವರು ಅದೇ ಹಾಲಿನಲ್ಲಿ ಸ್ಕ್ಯಾನರ್ ಮಾರಬಾರದು. ಮಾರುವವರೇ ಆದರೆ ಅದಕ್ಕೆ ತರಬೇತಿ ಅನ್ನಬಾರದು, ಸರ್ಟಿಫಿಕೇಟೂ ಕೊಡಬಾರದು.

5. ಪರೀಕ್ಷೆ ಬೇರೆಯವರು ಮಾಡಬೇಕು, ಕೆಟ್ಟ ಗಾಡಿಯೊಂದನ್ನು ಮುಂದೆ ನಿಲ್ಲಿಸಿ. ಎಷ್ಟು ಜನ ಬಂದರು, ಎಷ್ಟು ಜನ ಪಾಸಾದರು ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು.

6. ಮೂರು ತಿಂಗಳು ಬಿಟ್ಟು ಒಂದಷ್ಟು ಜನಕ್ಕೆ ಫೋನ್ ಮಾಡಿ ಕೇಳಬೇಕು: ಕಲಿತದ್ದು ಗ್ಯಾರೇಜಿನಲ್ಲಿ ಉಪಯೋಗಕ್ಕೆ ಬಂತಾ? ಮಾನ್ಯತೆ ಉಳಿಯೋದು, ಹೋಗೋದು ಈ ಉತ್ತರದ ಮೇಲೆ.

ಇದಕ್ಕೆ ಎಕರೆಗಟ್ಟಲೆ ಜಾಗ ಬೇಡ. ಬಳ್ಳಾರಿಯಲ್ಲಿ ಸರ್ಕಾರಿ ಐಟಿಐ ಇದೆ. ಭಾನುವಾರ ಅದರ ವರ್ಕ್‌ಶಾಪ್ ತೆರೆದು ಇಂಥ ತರಬೇತಿಗೆ ಕೊಟ್ಟರೂ ಆಯಿತು. ಮೆಕ್ಯಾನಿಕ್ಕರ ಮೇಲೆ ಲೈಸೆನ್ಸ್ ಹೇರಿ ಅಂತ ನಾನು ಹೇಳ್ತಿಲ್ಲ. ಹಾಗೆ ಮಾಡಿದರೆ ಮೊದಲು ಬಾಗಿಲು ಹಾಕೋದು ಮಾಮನಂಥವರೇ. ಅವರಿಂದ ದುಡ್ಡು ತಗೊಂಡು ಕಲಿಸ್ತೀನಿ ಅನ್ನೋರನ್ನು ಮೊದಲು ಕೇಳಿ ಅಂತಷ್ಟೇ ನನ್ನ ವಾದ. ನನ್ನ ಕ್ಲೌಡ್ ಸರ್ಟಿಫಿಕೇಟು ತಪ್ಪಿದರೆ ನಷ್ಟ ಕಂಪನಿಯದು. ಮಾಮನದು ತಪ್ಪಿದರೆ ಊರಿನಲ್ಲಿ ಇಪ್ಪತ್ತು ವರ್ಷ ಗಳಿಸಿದ ಹೆಸರೇ ಹೋಗುತ್ತೆ.

ಕಳೆದ ವಾರ ಮಾಮನಿಗೆ ಫೋನ್ ಮಾಡಿ ಕೊನೆಗೂ ಉತ್ತರ ಹೇಳಿದೆ. "ಬರೇ ಕಾಗದ ಮಾಮಾ." ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಂದಿನ ತಿಂಗಳು ಎಲೆಕ್ಟ್ರಿಕ್ ಗಾಡಿದು ಟ್ರೈನಿಂಗ್ ಐತಂತೆ ಬಳ್ಳಾರಿಯಾಗೆ. ನಲವತ್ತು ಜನಕ್ಕೆ ಗಾಡಿ ಎಷ್ಟು ಇಡ್ತೀರಿ ಅಂತ ಫೋನ್ ಮಾಡಿ ಕೇಳಿದೆ. ಸರ್ ಮೀಟಿಂಗ್‌ನಾಗೆ ಅದಾರೆ, ಆಮೇಲೆ ಮಾಡ್ತೀವಿ ಅಂದ್ರು" ಅಂದ್ರು.

ಇನ್ನೂ ಫೋನ್ ಬಂದಿಲ್ಲವಂತೆ.

ನಿಮ್ಮೂರಿನ ಗ್ಯಾರೇಜಿನವರು ಎಲ್ಲಿ ಕಲೀತಾರೆ? ಒಮ್ಮೆ ಗಾಡಿ ಬಿಡೋಕೆ ಹೋದಾಗ ಕೇಳಿ ನೋಡಿ. ಒಳ್ಳೆಯದಾಗಿ ಕಲಿಸೋರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ನನಗೂ ತಿಳಿಸಿ, ಮಾಮನಿಗೆ ಹೇಳಬೇಕು.