ಗ್ರಂಥ, ಸಂಪ್ರದಾಯ, ರೂಢಿ

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ಆದರೂ ಅವರೊಳಗಣ ಒಂದು ಹಳೆಯ ವಿವಾದವು ಈ ಪ್ರಾಂತದ ವಾಚಕರಿಗೆ ಅಪರಿಚಿತವಾದದ್ದಲ್ಲ. ಧರ್ಮಕ್ಕೆ ಗ್ರಂಥವೊಂದೇ ಪ್ರಮಾಣವೋ, ಪರಂಪರೆಯಿಂದ ಬಂದ ಉಪದೇಶವೂ ಪ್ರಮಾಣವೋ ಎಂಬದೇ ಆ ವಿವಾದ. ಎರಡೂ ಪ್ರಮಾಣವೆಂದು ರೋಮನ್ ಕೆಥೊಲಿಕರು. ಗ್ರಂಥವೇ ಪರಮಪ್ರಮಾಣವೆಂದು ಪ್ರಾಟೆಸ್ಟಂಟರು. ಶ್ರುತಿಗೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಗುರುಮುಖ ಎಂಬ ಕ್ರಮವನ್ನು ಸತ್ಯಬೋಧತೀರ್ಥರ ವೃಂದಾವನವಿರುವ ಸವಣೂರಿನವರು ಬಲ್ಲರು. ಅವರಿಗೆ ಇದು ಮನೆಯ ಮಾತೇ ಸರಿ.

ಮೊದಲು ಗ್ರಂಥವಾದಿಗಳ ಪಕ್ಷವನ್ನು ನೋಡುವದು ಯುಕ್ತ. ಮನುಷ್ಯರ ಕಟ್ಟಳೆಗಾಗಿ ದೇವರ ಆಜ್ಞೆಯನ್ನು ಬದಿಗೊತ್ತಿದವರನ್ನು ಯೇಸುವೇ ಖಂಡಿಸಿದ ಸಂಗತಿ ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಇದು ಅವರ ಬಲವಾದ ಆಧಾರ. ಆದರೆ ಬಾಯಿಂದ ಕಲಿಸಿದ್ದನ್ನೂ ಪತ್ರದಿಂದ ಕಲಿಸಿದ್ದನ್ನೂ ಒಂದೇ ಸಮನಾಗಿ ಕಾಯ್ದುಕೊಳ್ಳಬೇಕೆಂದು ಪೌಲನು ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ವಿಧಿಸಿರುವನು. ಗ್ರಂಥವೇ ಎರಡನ್ನೂ ಹೇಳುತ್ತಿರಲು ಒಂದನ್ನೆತ್ತಿ ಇನ್ನೊಂದನ್ನು ಬಿಡುವದು ಅರ್ಧಜರತೀಯ ನ್ಯಾಯವಲ್ಲದೆ ಮತ್ತೇನು?

ಅದಿರಲಿ. ಗ್ರಂಥವೆಂದರೆ ಯಾವದು? ಪ್ರಾಟೆಸ್ಟಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳು, ಕೆಥೊಲಿಕರದರಲ್ಲಿ 73. ಹೊಸ ಒಡಂಬಡಿಕೆಯ 27 ಪುಸ್ತಕಗಳ ಈಗಿನ ಪಟ್ಟಿ ಮೊದಲು ಕಾಣಬರುವದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸನು 367ರಲ್ಲಿ ಬರೆದ ಪತ್ರದಲ್ಲಿ. ಆ ಪುಸ್ತಕಗಳೊಳಗೆ ಯಾವದರಲ್ಲಿಯೂ ಆ ಪಟ್ಟಿ ಇಲ್ಲ. ಅಕ್ಕಸಾಲಿಗನು ಚಿನ್ನವನ್ನು ಹುಟ್ಟಿಸುವದಿಲ್ಲ, ಒರೆಹಚ್ಚಿ ಗುರುತಿಸುವನಷ್ಟೇ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಅಕ್ಕಸಾಲಿಗನ ಒರೆಯನ್ನು ನಂಬಿ ಚಿನ್ನವನ್ನು ಕೊಂಡವನು ಅಕ್ಕಸಾಲಿಗನೇ ಬೇಡವೆನ್ನಲಾಗದು. ದಶಾಜ್ಞೆಗಳ ಮಾತೂ ಹೀಗೆಯೇ. ಆಜ್ಞೆಗಳು ಹತ್ತೆಂದು ಗ್ರಂಥ ಹೇಳುತ್ತದೆ. ಒಂದನೆಯದು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ತೊಡಗಿತು ಎಂದು ಅಂಕೆ ಹಾಕಿಕೊಡುವದಿಲ್ಲ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಮೂರ್ತಿನಿಷೇಧವನ್ನು ಎರಡನೆಯ ಆಜ್ಞೆಯೆಂದು ಎಣಿಸಿದರೆ, ಪ್ರಾಟೆಸ್ಟಂಟರೇ ಆದ ಲೂಥರನ್ನರು ಕೆಥೊಲಿಕರಂತೆ ಅದನ್ನು ಒಂದನೆಯದರಲ್ಲಿಯೇ ಸೇರಿಸುವರು. ಎಣಿಕೆ ಕಲಿಸಿದ್ದು ಪರಂಪರೆ.

ಕನ್ನಡ ಬೈಬಲ್ಲೇ ಇದಕ್ಕೆ ಮತ್ತೊಂದು ಸಾಕ್ಷಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೈಹಾಕಿದನು. 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರಲ್ಲಿ ವೈಗಲ್ ಮೊದಲಾದವರು ಅದನ್ನು ತಿದ್ದಿದರು. ಪ್ರಾಟೆಸ್ಟಂಟರು ಸುವಾರ್ತೆ ಎಂದದ್ದನ್ನು ಕೆಥೊಲಿಕರು ಶುಭಸಂದೇಶವೆಂದರು. ದೀಕ್ಷಾಸ್ನಾನವೆಂಬ ಮಾತಿನಲ್ಲಿಯ ದೀಕ್ಷೆ ಈ ನಾಡಿನ ಯಜ್ಞಶಾಲೆಗಳೂ ಮಠಗಳೂ ಬಳಸಿ ಹದಗೊಳಿಸಿದ ಶಬ್ದ. ಸಂಪ್ರದಾಯ ಬೇಡವೆನ್ನುವವನು ಹಾಗೆನ್ನಲು ತೆಗೆದ ನಾಲಗೆಯೇ ಸಂಪ್ರದಾಯದ್ದು.

ಇಷ್ಟರಿಂದ ಸಂಪ್ರದಾಯವಾದಿಗಳು ಗೆದ್ದೆವೆಂದು ಹಿಗ್ಗಬೇಕಾದದ್ದಿಲ್ಲ. ಸ್ಮೃತಿಯು ಶ್ರುತಿಗೆ ವಿರೋಧವಾದರೆ ಅದನ್ನು ಗಣಿಸಬೇಡ, ವಿರೋಧವಿಲ್ಲದಿದ್ದರೆ ಅದಕ್ಕೆ ಶ್ರುತಿಮೂಲವನ್ನು ಊಹಿಸು ಎಂಬದು ಜೈಮಿನಿಯ ನಿರ್ಣಯ. ಆಚಾರದ ಹಿಂದೆ ಲೋಭದಂಥ ಕಾರಣ ಕಣ್ಣಿಗೆ ಕಂಡರೆ ಅದರ ಪ್ರಾಮಾಣ್ಯ ಅಲ್ಲಿಗೇ ಬಿದ್ದಿತೆಂದು ಶಬರಸ್ವಾಮಿಯ ವಿವರಣೆ. ಈ ಒರೆಗಲ್ಲು ಯಾವ ಮತಕ್ಕೂ ಸಲ್ಲತಕ್ಕದ್ದು. ಪಾಪದ ಶಿಕ್ಷೆಯ ಮಾಫಿಪತ್ರಗಳನ್ನು ಹಣಕ್ಕೆ ಕೊಡುವದನ್ನು 1517ರಲ್ಲಿ ಮಾರ್ಟಿನ್ ಲೂಥರನು ಪ್ರತಿಭಟಿಸಿದಾಗ ಹಿಡಿದದ್ದು ಇದೇ ದೋಷವನ್ನು. 1563ರಲ್ಲಿ ತ್ರೆಂತದ ಮಹಾಸಭೆ ಆ ವ್ಯವಹಾರದ ದುರ್ಲಾಭವನ್ನು ನಿಷೇಧಿಸಿತು. ಎಂದರೆ ಲೋಭವಿದ್ದದ್ದು ಉಭಯರಿಗೂ ಕಂಡಿತೆಂದಾಯಿತು.

ಆದರೆ ಅದಕ್ಕಿಂತ ಹತ್ತಿರದ ಲೋಭ ಮತ್ತೊಂದುಂಟು. ಅದು ಜಾತಿಯ ಹಿರಿತನದ ಲೋಭ. ತಮಿಳು ಸೀಮೆಯ ಎಷ್ಟೋ ಕೆಥೊಲಿಕ ಇಗರ್ಜಿಗಳಲ್ಲಿ ಜಾತಿಗೊಂದು ಆಸನ, ಜಾತಿಗೊಂದು ಸ್ಮಶಾನ ಏರ್ಪಟ್ಟವು. ಗ್ರಂಥವೊಂದೇ ಸಾಕೆಂದ ತರಂಗಂಬಾಡಿಯ ಲೂಥರನ್ನರಲ್ಲಿಯೂ ಬೇರೆ ಬೇರೆ ಆಸನಗಳಿದ್ದವು. ಸಭೆಗಳಲ್ಲಿ ಜಾತಿಭೇದವನ್ನು ಬಿಡತಕ್ಕದ್ದೆಂದು ಆಂಗ್ಲಿಕನ್ ಬಿಷಪ್ ವಿಲ್ಸನ್ನನು 1833ರಲ್ಲಿ ಆಜ್ಞೆ ಮಾಡಬೇಕಾಯಿತು. ಕನ್ನಡ ನಾಡಿನಲ್ಲಿ ಬಾಸೆಲ್ ಮಿಶನ್ನಿನವರು ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳಲೊಪ್ಪಲಿಲ್ಲ. ತಮ್ಮೊಳಗೆ ಅಸ್ಪೃಶ್ಯತೆ ಇನ್ನೂ ಉಳಿದಿದೆಯೆಂದು ಭಾರತದ ಕೆಥೊಲಿಕ ಬಿಷಪ್ಪರ ಸಮ್ಮೇಳನ 2016ರಲ್ಲಿ ಒಪ್ಪಿಕೊಂಡಿತು. ಇದು ಗ್ರಂಥದಲ್ಲಿಲ್ಲ, ಪ್ರೇಷಿತರ ಉಪದೇಶದಲ್ಲಿಲ್ಲ. ಇದು ಬರಿಯ ರೂಢಿ. ಒಮ್ಮೆ ಗ್ರಂಥದ ಮರೆಗೆ, ಒಮ್ಮೆ ಸಂಪ್ರದಾಯದ ಮರೆಗೆ ನಿಂತು ಬದುಕುವ ಕಳ್ಳ.

ಸಂಪ್ರದಾಯಕ್ಕೂ ರೂಢಿಗೂ ಇರುವ ಅಂತರವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫಸಾಹೇಬರನ್ನು ಗೋವಿಂದಭಟ್ಟರು ಶಿಷ್ಯನನ್ನಾಗಿ ಸ್ವೀಕರಿಸಿದರು. ಅಲ್ಲಿ ನಡೆದದ್ದು ಸಂಪ್ರದಾಯ, ಮುರಿದದ್ದು ರೂಢಿ.

ಸಭಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕನೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. 1999ರಲ್ಲಿ ಲೂಥರನ್ನರೂ ಕೆಥೊಲಿಕರೂ ಮುಕ್ತಿವಿಚಾರದಲ್ಲಿ ಒಂದು ಸಮ್ಮತಿಪತ್ರಕ್ಕೆ ಸಹಿ ಹಾಕಿದರು. ದೊಡ್ಡವರು ಇಷ್ಟು ಸಮೀಪಿಸಿರಲು, ಹತ್ತಾರು ಮನೆಗಳ ಊರಿನಲ್ಲಿ ಒಬ್ಬರನ್ನೊಬ್ಬರು ಮೂರ್ತಿಪೂಜಕರೆಂದೂ ಬೇರಿಲ್ಲದವರೆಂದೂ ಹಳಿಯುವದು ಏತಕ್ಕೆ? 66 ಪುಸ್ತಕಗಳೋ 73 ಪುಸ್ತಕಗಳೋ ಎಂಬದನ್ನು ಪಂಡಿತರು ವಾದಿಸಲಿ. ಉಳಿದವರು ಮೊದಲು ತಮ್ಮ ತಮ್ಮ ಪ್ರಾರ್ಥನಾಲಯದ ಆಸನಗಳನ್ನೂ ಸ್ಮಶಾನದ ಬೇಲಿಯನ್ನೂ ನೋಡಿಬರಲಿ. ಅಲ್ಲಿ ಬೇಲಿ ಕಂಡವನು ಅದನ್ನು ಕೀಳದೆ ಗ್ರಂಥದ ಹೆಸರನ್ನಾಗಲಿ ಸಂಪ್ರದಾಯದ ಹೆಸರನ್ನಾಗಲಿ ಎತ್ತಲು ಅಧಿಕಾರಿಯಲ್ಲ.