ಟಿಕೆಟ್ ಇಲ್ಲದ ತಮಾಷೆಗೆ ದಿಕ್ಕಿಲ್ಲ

ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಾಸ್ ಊರಿನಲ್ಲಿ ಒಂದು ಜ್ವಾಲಾಮುಖಿ ಇತ್ತು. ದೇವರು ಕೊಟ್ಟದ್ದಲ್ಲ, ಜೂಜಿನ ಮನೆಯವರು ಕಟ್ಟಿಸಿದ್ದು. 2024ರ ಜುಲೈ 17ರಂದು ಮಿರಾಜ್ ಎಂಬ ಆ ಕ್ಯಾಸಿನೊ ಹೋಟೆಲಿಗೆ ಬೀಗ ಬಿತ್ತು. ಆಮೇಲೆ ಜ್ವಾಲಾಮುಖಿಯನ್ನೂ ಕೆಡವಿ ಹಾಕಿದರು.

"ಜೂಜುಕೋರರ ಮನೆ ಮುಚ್ಚಿದರೆ ನಮಗೇನ್ರೀ ನಷ್ಟ?" ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಓಸಿ, ಮಟ್ಕಾ ಎಷ್ಟು ಸಂಸಾರ ಹಾಳು ಮಾಡಿವೆ ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಬದುಕಿದೆವು ಎಂದುಕೊಂಡ ಮನೆಗಳು ಕಡಮೆಯಲ್ಲ. ಆದರೆ ಸ್ವಾಮಿ, ಈ ಜ್ವಾಲಾಮುಖಿ ಇದ್ದದ್ದು ಜೂಜಿನ ಮೇಜಿನ ಮೇಲಲ್ಲ, ರಸ್ತೆಯ ಬದಿಯಲ್ಲಿ. ನೋಡಲು ಟಿಕೆಟ್ ಇರಲಿಲ್ಲ.

ಸ್ಟೀವ್ ವಿನ್ ಎಂಬ ಉದ್ಯಮಿ ಸುಮಾರು 63 ಕೋಟಿ ಡಾಲರ್ ಸುರಿದು 1989ರ ನವೆಂಬರ್ 22ರಂದು ಮಿರಾಜ್ ತೆರೆದರು. ಮೂರು ಸಾವಿರಕ್ಕೂ ಹೆಚ್ಚು ಕೋಣೆಗಳು. ಬಾಗಿಲ ಮುಂದೆ ಕೊಳ, ಕೊಳದ ನಡುವೆ ಕೃತಕ ಬೆಟ್ಟ. ಕತ್ತಲಾದ ಮೇಲೆ ಗೊತ್ತಾದ ಹೊತ್ತಿಗೆ ಬೆಟ್ಟ ಗುಡುಗುವುದು, ನೀರಿನ ಮೇಲೆ ಬೆಂಕಿ ಹರಿಯುವುದು. ಉರಿಯುವ ಗ್ಯಾಸಿನ ವಾಸನೆ ಮರೆಸಲು ಅನಾನಸು, ತೆಂಗಿನಕಾಯಿಯ ಪರಿಮಳ ಬಿಡುತ್ತಿದ್ದರಂತೆ! ಹೋಟೆಲಿನ ಗಿರಾಕಿ, ಕೆಲಸ ಮುಗಿಸಿ ಮನೆಗೆ ಹೊರಟ ಪಾತ್ರೆ ತೊಳೆಯುವವನು, ಅಪ್ಪನ ಹೆಗಲೇರಿದ ಮಗು, ಎಲ್ಲರಿಗೂ ಒಂದೇ ಜಾಗ, ಫುಟ್‌ಪಾತು.

ಇದರಲ್ಲಿ ನಮ್ಮ ದೇಶದ ಕೈಯೂ ಇತ್ತು. 2008ರಲ್ಲಿ ಬೆಟ್ಟವನ್ನು ಹೊಸದಾಗಿ ಮಾಡಿಸಿದಾಗ ಅದಕ್ಕೆ ತಾಳವಾದ್ಯದ ಸಂಗೀತ ಕೂಡಿಸಿದವರು ಅಮೆರಿಕದ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಮತ್ತು ನಮ್ಮ ತಬಲಾ ಉಸ್ತಾದ್ ಜಾಕಿರ್ ಹುಸೇನ್. ಬೆಟ್ಟ ಆರಿದ 2024ರಲ್ಲೇ, ಡಿಸೆಂಬರ್ 15ರಂದು, ಉಸ್ತಾದರೂ ತೀರಿಕೊಂಡರು.

ಧರ್ಮಕ್ಕೆಂದು ಯಾರೂ ಬೆಂಕಿ ಹಚ್ಚಿರಲಿಲ್ಲ ನಿಜ. ಜನ ನಿಲ್ಲಲಿ, ನಿಂತವರು ಒಳಗೆ ಬರಲಿ ಎಂಬ ಲೆಕ್ಕಾಚಾರ. ಅಂಗಡಿಯ ಮುಂದೆ ಬಣ್ಣದ ದೀಪ ಕಟ್ಟುವ ಯಾವ ಸಾಹುಕಾರರಿಗೆ ಇದು ತಿಳಿಯದು? ಈ ಲೆಕ್ಕಾಚಾರ ಫಲಿಸಿತು. ಪಕ್ಕದ ಟ್ರೆಷರ್ ಐಲ್ಯಾಂಡ್‌ನವರು 1993ರಲ್ಲಿ ಕಡಲುಗಳ್ಳರ ಹಡಗಿನ ಕಾಳಗವನ್ನೇ ಬೀದಿಗೆ ತಂದರು. 1998ರಲ್ಲಿ ಬೆಲ್ಲಾಜಿಯೊ ಕಾರಂಜಿ ಬಂತು. ಹಡಗಿನ ಆಟ 2013ರಲ್ಲಿ ನಿಂತಿತು. ಕಾರಂಜಿ ಉಳಿದಿದೆ. ಮಾಲೀಕರಿಗೆ ಲಾಭ ಕಂಡಷ್ಟು ದಿನ ಆಟ, ಕಾಣದ ದಿನ ಪರದೆ.

ಮಿರಾಜನ್ನು ನಡೆಸುವ ಹಕ್ಕನ್ನು 2022ರ ಡಿಸೆಂಬರ್‌ನಲ್ಲಿ 107.5 ಕೋಟಿ ಡಾಲರಿಗೆ ಕೊಂಡದ್ದು ಹಾರ್ಡ್ ರಾಕ್ ಕಂಪನಿ. ಬೆಟ್ಟದ ಜಾಗದಲ್ಲಿ ಗಿಟಾರ್ ಆಕಾರದ ಗೋಪುರ ಏಳಿಸುವುದು ಅವರ ಯೋಜನೆ. ಜ್ವಾಲಾಮುಖಿ ಉಳಿಸಿ ಎಂದು ಜನ ಸಹಿ ಸಂಗ್ರಹಿಸಿದರು. ಕೇಳುವವರು ಯಾರು?

ಮುಚ್ಚುವಾಗ ನಡೆದ ಎರಡು ಸಂಗತಿ ಗಮನಿಸಬೇಕು. ಯಂತ್ರಗಳಲ್ಲಿ ಬೆಳೆದಿದ್ದ ಜಾಕ್‌ಪಾಟ್ ಹಣ ಸುಮಾರು 16 ಲಕ್ಷ ಡಾಲರ್. ರಾಜ್ಯದ ಕಾನೂನಿನಂತೆ ಅದನ್ನು ಮಾಲೀಕರು ಜೇಬಿಗಿಳಿಸುವಂತಿರಲಿಲ್ಲ, ಆಡಿದವರಿಗೇ ಹಂಚಬೇಕಾಯಿತು. ಕೆಲಸ ಕಳಕೊಂಡ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಸುಮಾರು 8 ಕೋಟಿ ಡಾಲರ್ ಪರಿಹಾರ ಗೊತ್ತಾಯಿತು. ಜೂಜಾಡುವವನ ಪರ ಕಾನೂನಿತ್ತು, ಕೆಲಸಗಾರನ ಪರ ಯೂನಿಯನ್ ಇತ್ತು. ಮೂವತ್ತನಾಲ್ಕು ವರ್ಷ ಬೀದಿಯಲ್ಲಿ ನಿಂತು ನೋಡಿದವನ ಪರ ಏನೂ ಇರಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ರಸೀತಿ ಎಲ್ಲಿಂದ ಬರಬೇಕು?

ಕಟ್ಟಿದವನಿಗೆ ಕೆಡವುವ ಹಕ್ಕಿದೆ, ಒಪ್ಪೋಣ. ಆದರೆ ಬೀದಿ ಅವನದಲ್ಲ. ಸಾರ್ವಜನಿಕ ರಸ್ತೆಗೆ ಮುಖ ಮಾಡಿ ಕೋಟಿಗಟ್ಟಲೆ ದುಡಿಯುವವರಿಗೆ ಹೊಸ ಕಟ್ಟಡದ ಪರವಾನಗಿ ಕೊಡುವಾಗ, ಅಲ್ಲಿನ ಆಡಳಿತ ಒಂದು ಷರತ್ತು ಹಾಕಬಹುದು: ದಾರಿಹೋಕರಿಗೆಂದು ಏನಾದರೊಂದು ಮಾಡಿಕೊಡಿ ಅಂತ. ಅದೇನೂ ದೊಡ್ಡ ಬೇಡಿಕೆಯಲ್ಲ.

ಗಿಟಾರ್ ಎಷ್ಟು ಎತ್ತರ ಬೇಕಾದರೂ ಏಳಲಿ. ಅದರ ಬುಡದಲ್ಲಿ ಜೇಬು ಖಾಲಿ ಇದ್ದವನೂ ನಿಂತು ನೋಡುವಂಥದ್ದು ಒಂದಿರಲಿ.