ದೂರಕ್ಕೆ ದುಡ್ಡು ಕೊಡುವ ಆಟ

ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಎಂಬ ತಂತ್ರಾಂಶಕಾರ ರಚಿಸಿದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಎಂಬ ಕಂಪ್ಯೂಟರ್ ಆಟವನ್ನು ಮೈಕ್ರೋಪ್ರೋಸ್ ಸಂಸ್ಥೆ 1994ರಲ್ಲಿ ಹೊರತಂದಿತು. ಮರುವರ್ಷವೇ ಅದರ ವಿಸ್ತೃತ ರೂಪ ಬಂದಿತು. 2004ರಿಂದ ಆಸಕ್ತರ ಗುಂಪೊಂದು ಅದನ್ನು ‘ಓಪನ್ ಟಿಟಿಡಿ’ ಎಂಬ ಹೆಸರಿನಲ್ಲಿ ಹೊಸದಾಗಿ ಕಟ್ಟುತ್ತ, ಯಾರು ಬೇಕಾದರೂ ಹಣ ಕೊಡದೆ ಆಡಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿ ಬೆಳೆಸಿದೆ. ಆಡುವವನು ಸಾರಿಗೆ ಕಂಪನಿಯೊಂದರ ಯಜಮಾನ. ಸಾಲ ತೆಗೆಯಬೇಕು, ಹಳಿ ಹಾಕಬೇಕು, ನಿಲ್ದಾಣ ಕಟ್ಟಬೇಕು, ಕಲ್ಲಿದ್ದಲು, ಮರ, ಅಂಚೆ, ಪ್ರಯಾಣಿಕರನ್ನು ಸಾಗಿಸಿ ಲಾಭ ಗಳಿಸಬೇಕು. ಇದರಲ್ಲಿ ಬಂದೂಕಿಲ್ಲ, ರಕ್ತಪಾತವಿಲ್ಲ. ಮಕ್ಕಳು ಆಡಿದರೆ ತಂದೆ ತಾಯಿಯರಿಗೆ ಸಮಾಧಾನ. ಆದರೆ ಗುಡ್ಡಗಾಡಿನ ಜನರು ಈ ಆಟದ ಲೆಕ್ಕಪುಸ್ತಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಆಟದ ಜೀವಾಳ ಅದರ ಸಾಗಣೆ ದರ. ಒಂದು ಸರಕಿಗೆ ಸಿಗುವ ಬಾಡಿಗೆ ಮೂರು ಸಂಗತಿಗಳನ್ನು ಅವಲಂಬಿಸಿದೆ: ಸರಕಿನ ಪ್ರಮಾಣ, ಹೊರಟ ನಿಲ್ದಾಣಕ್ಕೂ ತಲುಪಿದ ನಿಲ್ದಾಣಕ್ಕೂ ನಕ್ಷೆಯ ಮೇಲಿರುವ ಅಂತರ, ದಾರಿಯಲ್ಲಿ ಕಳೆದ ದಿನಗಳು. ಪ್ರಯಾಣಿಕರು ತಡವಾಗಿ ತಲುಪಿದರೆ ಬಾಡಿಗೆ ಬೇಗ ಇಳಿಯುತ್ತದೆ. ಕಲ್ಲಿದ್ದಲಿಗೆ ಅಷ್ಟು ಅವಸರವಿಲ್ಲ. ಗಣಿಯ ಪಕ್ಕದಲ್ಲಿಯೇ ವಿದ್ಯುತ್ ಸ್ಥಾವರವಿದ್ದರೂ ಅನುಭವಿ ಆಟಗಾರ ಅಲ್ಲಿಗೆ ಒಂದು ವ್ಯಾಗನ್ ಕಲ್ಲಿದ್ದಲನ್ನೂ ಕಳಿಸುವುದಿಲ್ಲ. ಅದನ್ನು ದಾಟಿಸಿ, ಭೂಪಟದ ಆಚೆ ತುದಿಯ ಸ್ಥಾವರಕ್ಕೆ ಒಯ್ಯುತ್ತಾನೆ. ಅಲ್ಲಿ ಉರಿಯುವುದೂ ಅದೇ ಕಲ್ಲಿದ್ದಲು. ಆದರೆ ಬಾಡಿಗೆ ಹಲವು ಪಟ್ಟು. ಆ ಕಲ್ಲಿದ್ದಲು ಯಾರಿಗೆ ಬೇಕಾಗಿದೆ, ಎಷ್ಟು ಬೇಕಾಗಿದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲಿಯೂ ಏಳುವುದಿಲ್ಲ. ಸಾಗುವುದೇ ಸಂಪತ್ತು, ದೂರ ಸಾಗುವುದೇ ಹೆಚ್ಚಿನ ಸಂಪತ್ತು. ಬಳ್ಳಾರಿಯ ಕಬ್ಬಿಣದ ಅದಿರು ಸಾಲು ಸಾಲು ಲಾರಿಗಳಲ್ಲಿ ಘಟ್ಟ ಇಳಿದು ಬೇಲೇಕೇರಿಯಿಂದಲೂ ಮಂಗಳೂರಿನಿಂದಲೂ ಹಡಗೇರುತ್ತಿದ್ದ ವರ್ಷಗಳನ್ನು ಕಂಡವರಿಗೆ ಈ ತರ್ಕ ಹೊಸದೇನಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಆಟದಲ್ಲಿ ಅಂಥ ನ್ಯಾಯಾಲಯವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಬಾಡಿಗೆ ಲೆಕ್ಕ ಹಾಕುವುದು ನಕ್ಷೆಯ ಅಂತರಕ್ಕೇ ಹೊರತು ಹಾಕಿದ ಹಳಿಯ ಉದ್ದಕ್ಕಲ್ಲ. ಗುಡ್ಡವನ್ನು ಬಳಸಿಕೊಂಡು ಹೋದರೆ ದಿನಗಳು ಹೆಚ್ಚುತ್ತವೆ, ಬಾಡಿಗೆ ಮಾತ್ರ ಹೆಚ್ಚುವುದಿಲ್ಲ. ಏರಿನಲ್ಲಿ ಗಾಡಿಯ ವೇಗ ಕುಸಿಯುತ್ತದೆ. ಆದ್ದರಿಂದ ಗುಡ್ಡ ಕಂಡಲ್ಲೆಲ್ಲ ಆಟಗಾರನ ಕೈ ನೆಲ ತಗ್ಗಿಸುವ ಗುಂಡಿಯತ್ತ ಹೋಗುತ್ತದೆ. ಆರಂಭದಲ್ಲಿ, ಸಾಲದ ಹೊರೆ ಇರುವಾಗ, ನೆಲ ಅಗೆಯುವ ಖರ್ಚು ಭಾರವೆನಿಸಿ ಆತ ಇಳಿಜಾರಿನ ಗುಣವನ್ನು ನೋಡಿ ಹಳಿ ಎಳೆಯುತ್ತಾನೆ. ಹತ್ತಿಪ್ಪತ್ತು ವರ್ಷಗಳ ಲಾಭ ಕೂಡಿದ ಮೇಲೆ ಅದೇ ಗುಡ್ಡವನ್ನು ಒಂದೇ ಎಳೆತಕ್ಕೆ ನೆಲಸಮ ಮಾಡುತ್ತಾನೆ. ಬಡ ಕಂಪನಿಗೆ ಗುಡ್ಡ ಕಾಣುತ್ತದೆ, ಶ್ರೀಮಂತ ಕಂಪನಿಗೆ ಕಾಣುವುದಿಲ್ಲ. ಆಟ ರಚಿಸಿದವರು ಇದನ್ನು ಹೇಳಲು ಹೊರಟಿದ್ದರೆಂದು ತೋರದಿದ್ದರೂ, ಅದು ಹೇಳುವ ನಿಜಗಳಲ್ಲಿ ಇದು ದೊಡ್ಡದು.

ಈ ಲೋಕದಲ್ಲಿ ಬಾಯಿ ಇರುವುದು ಪಟ್ಟಣಗಳಿಗೆ ಮಾತ್ರ. ಹೊಲವನ್ನು ಅಗೆದು ಹಳಿ ಹಾಕಿದರೆ ಖರ್ಚು ಬೀಳುತ್ತದೆ, ದೂರು ಬರುವುದಿಲ್ಲ. ಆ ಹೊಲಕ್ಕೆ ಒಕ್ಕಲಿಗನೇ ಇಲ್ಲ. ಮರಗಳಿಗೂ ಸ್ವಂತದ ಬೆಲೆಯಿಲ್ಲ. ಆದರೆ ಪಟ್ಟಣದ ಸುತ್ತಲಿನ ಮರ ಕಡಿದರೆ ಸ್ಥಳೀಯ ಆಡಳಿತಕ್ಕೆ ಕಂಪನಿಯ ಮೇಲೆ ಅಸಮಾಧಾನ ಹುಟ್ಟುತ್ತದೆ. ಹೆಚ್ಚು ಕಡಿದರೆ ಮುಂದಿನ ನಿಲ್ದಾಣಕ್ಕೆ ಅನುಮತಿ ನಿರಾಕರಿಸಲಾಗುತ್ತದೆ. ಇದಕ್ಕೆ ಆಟಗಾರರೆಲ್ಲ ಬಲ್ಲ ಉಪಾಯವೊಂದಿದೆ: ಕಡಿಯಬೇಕಾದದ್ದನ್ನು ಕಡಿದು, ಪಟ್ಟಣದ ಬದಿಯ ಖಾಲಿ ಜಾಗದಲ್ಲಿ ಸಾಲಾಗಿ ಗಿಡ ನೆಡುವುದು. ಯಾವ ಜಾತಿಯ ಗಿಡವಾದರೂ ಸರಿ. ಒಂದು ಮಿತಿಯವರೆಗೆ ಆಡಳಿತದ ಮುನಿಸು ಇಳಿಯುತ್ತದೆ, ಅನುಮತಿ ಸಿಗುತ್ತದೆ. (ದೊಡ್ಡ ಮೊತ್ತ ಕೂಡಿಟ್ಟವರಿಗೆ ಲಂಚ ಕೊಡುವ ಗುಂಡಿಯೂ ಇದೆ, ಸಿಕ್ಕಿಬಿದ್ದರೆ ಮಾತ್ರ ಹೆಸರು ಪೂರ್ತಿ ಕೆಡುತ್ತದೆ. ಈ ಒಂದು ವಿಷಯದಲ್ಲಿ ಆಟ ವಾಸ್ತವಕ್ಕಿಂತ ಕಠಿಣವಾಗಿದೆ.) ಭಾರತದ ಸಂಸತ್ತು ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯನ್ನು ಅಂಗೀಕರಿಸಿದ್ದು 2016ರಲ್ಲಿ. ಒಂದು ಕಡೆಯ ಕಾಡಿಗೆ ಇನ್ನೊಂದು ಕಡೆಯ ನೆಡುತೋಪು ಸಮ ಎಂಬ ಗಣಿತವನ್ನು ಆಟ ಎರಡು ದಶಕಗಳ ಹಿಂದೆಯೇ ಗುಂಡಿ ಒತ್ತುವಷ್ಟು ಸುಲಭಗೊಳಿಸಿತ್ತು. ಕಾನು ಹೋದಲ್ಲಿ ಅಕೇಸಿಯಾ ಬಂದುದನ್ನು ಕಂಡ ಮಲೆನಾಡಿಗರು ಈ ಉಪಾಯವನ್ನು ನೋಡಿ ನಕ್ಕಾರು, ಆದರೆ ಬಹಳ ಹೊತ್ತು ನಗಲಾರರು.

ಆಟದ ಉಷ್ಣವಲಯದ ನಕ್ಷೆಯಲ್ಲಿ ಮಾತ್ರ ಚಿಕ್ಕದೊಂದು ಪ್ರಾಮಾಣಿಕತೆ ಉಳಿದಿದೆ. ಅಲ್ಲಿ ಮಳೆಕಾಡಿನ ನಡುವೆ ಕಟ್ಟುವ ಮರದ ಮಿಲ್ಲು ಸುತ್ತಲಿನ ಬಲಿತ ಮರಗಳನ್ನು ಒಂದೊಂದಾಗಿ ನಿಜವಾಗಿಯೂ ಕಡಿಯುತ್ತದೆ. ಮರ ಮುಗಿದರೆ ಮಿಲ್ಲು ಸುಮ್ಮನಾಗುತ್ತದೆ. ಸಮಶೀತೋಷ್ಣ ನಕ್ಷೆಯ ‘ಅರಣ್ಯ’ವಾದರೋ ಎಷ್ಟು ದಿಮ್ಮಿ ಸಾಗಿಸಿದರೂ ಒಂದು ಮರವೂ ಕಡಿಮೆಯಾಗದ ಕಾರ್ಖಾನೆ.

ಅಲ್ಲಿ ಇಲ್ಲವೇ ಇಲ್ಲದ್ದೆಂದರೆ ಮಳೆಗಾಲ. ಹಾರುವ ತಟ್ಟೆ ಇಳಿದು ಹಳಿ ಧ್ವಂಸವಾಗುವ ದುರಂತವಿದೆ, ಕಲ್ಲಿದ್ದಲು ಗಣಿ ಕುಸಿಯುವ ದುರಂತವೂ ಇದೆ. ಕೊರೆದ ಗುಡ್ಡ ಮಳೆಗೆ ನೆನೆದು ಜಾರುವ ದುರಂತವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಹಳಿಗೆ 57 ಸುರಂಗಗಳು, 109 ಸೇತುವೆಗಳು. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡಗಳು ಕುಸಿದು ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಮತ್ತೆ ಕುಸಿಯಿತು. ಪರದೆಯ ಮೇಲೆ ಸುರಂಗವನ್ನು ಒಮ್ಮೆ ಕೊರೆದರೆ ಅದು ಎಂದೆಂದಿಗೂ ಹಾಗೆಯೇ ನಿಲ್ಲುತ್ತದೆ.

ಇದು ಬರಿಯ ಆಟ, ಇಷ್ಟು ಗಂಭೀರವಾಗಿ ನೋಡಬೇಕೆ ಎಂದು ಯಾರಾದರೂ ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಜೋಡಿಹಳಿ, ಸಿಗ್ನಲ್, ಜಂಕ್ಷನ್ನುಗಳ ತರ್ಕವನ್ನು ಇಷ್ಟು ಚೆನ್ನಾಗಿ ಕಲಿಸುವ ಪಠ್ಯಪುಸ್ತಕ ಸಿಗುವುದು ಕಷ್ಟ. ಮಕ್ಕಳಿಂದ ಅದನ್ನು ಕಸಿದುಕೊಳ್ಳುವುದು ಮೂರ್ಖತನ. ಆದರೆ ಘಟ್ಟದ ಮೇಲೆ ಗೆರೆ ಎಳೆಯುವ ಯೋಜನಾ ವರದಿಗಳು ಯಾವ ಭಾಷೆಯಲ್ಲಿ ಮಾತನಾಡುತ್ತವೆ ಎಂಬುದನ್ನು ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ದೀರ್ಘ ವಿವಾದ ತೋರಿಸಿಕೊಟ್ಟಿದೆ. ಟನ್ನು, ಕಿಲೋಮೀಟರು, ಉಳಿಯುವ ಗಂಟೆ: ಆಟದ ದರಪಟ್ಟಿಯ ಅಂಕಣಗಳೂ ಅವೇ ಮೂರು. ಹನ್ನೆರಡರ ವಯಸ್ಸಿನಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗೆ ನಾಲ್ಕನೆಯ ಅಂಕಣವೂ ಇರಬಹುದೆಂದು ಯಾರಾದರೂ ತೋರಿಸಬೇಕಾಗುತ್ತದೆ.

ತೋರಿಸುವುದು ಸಾಧ್ಯವೂ ಇದೆ. ಓಪನ್ ಟಿಟಿಡಿಯ ಮೂಲ ಸೂಚನೆಗಳು ಬಯಲಿನಲ್ಲಿವೆ. ನೆಲ ಅಗೆಯುವ ದರವನ್ನು ಹಲವು ಪಟ್ಟು ಏರಿಸುವ ಸಣ್ಣ ಕಡತಗಳನ್ನು ಆಟಗಾರರೇ ಬರೆದು ಹಂಚಿಕೊಂಡಿದ್ದಾರೆ, ಪರಿಸರಪ್ರೇಮದಿಂದಲ್ಲ, ಆಟ ತೀರ ಸುಲಭವಾಯಿತೆಂಬ ಬೇಸರದಿಂದ. ಕಂಪ್ಯೂಟರ್ ಇರುವ ಯಾವುದೇ ಮಲೆನಾಡಿನ ಶಾಲೆ ಒಂದೇ ನಕ್ಷೆಯನ್ನು ಎರಡು ಸಲ ಆಡಿಸಬಹುದು. ಮೊದಲು ಹಳೆಯ ದರದಲ್ಲಿ, ಆಮೇಲೆ ಏರಿಸಿದ ದರದಲ್ಲಿ. ಮೊದಲನೆಯದರಲ್ಲಿ ಹಳಿ ಬಾಣದಂತೆ ನೇರ ಹೋಗುತ್ತದೆ. ಎರಡನೆಯದರಲ್ಲಿ ಕಣಿವೆ ಹಿಡಿದು, ಹೊಳೆಯ ಜೊತೆ ತಿರುಗಿ, ಗುಡ್ಡದ ಬುಡ ಸುತ್ತಿ ಹೋಗುತ್ತದೆ; ಕೆಲವು ಗಣಿಗಳತ್ತ ಹೋಗುವುದೇ ಇಲ್ಲ.